ಸ್ಲ್ಯಾಪ್ ಶಾಟ್: ಬಲವೆಲ್ಲ ತೋಳಿನದಲ್ಲ

ಪ್ರಶ್ನೆ: ನಾನು ಮೈದಾನದ ಹಾಕಿ ಆಟಗಾರ, ತೂಕ ಅರವತ್ತು ಕಿಲೋ. ಐಸ್ ಹಾಕಿಯ ಸ್ಲ್ಯಾಪ್ ಶಾಟನ್ನು (ಕೋಲನ್ನು ಹಿಂದಕ್ಕೆತ್ತಿ ಬೀಸಿ ಬಾರಿಸುವ ಹೊಡೆತ) ಮನೆಯ ಸಿಮೆಂಟ್ ಅಂಗಳದಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ತೋಳಿನ ಬಲವೆಲ್ಲ ಹಾಕಿದರೂ ಚೆಂಡಿನ ಬದಲು ಬಳಸುವ ರಬ್ಬರು ಬಿಲ್ಲೆಯಾದ ಪಕ್‌ಗೆ ವೇಗ ಬರುವುದಿಲ್ಲ, ಏಕೆ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಮೈದಾನದ ಅಭ್ಯಾಸವೇ ನಿಮಗೆ ಅಡ್ಡ ಬರುತ್ತಿರಬಹುದು. ಅಲ್ಲಿ ಎರಡೂ ಕೈಗಳನ್ನು ಕೋಲಿನ ಮೇಲ್ತುದಿಯಲ್ಲಿ ಜೋಡಿಸಿ ನೇರವಾಗಿ ಚೆಂಡಿಗೇ ಹೊಡೆಯುತ್ತೀರಿ. ಸ್ಲ್ಯಾಪ್ ಶಾಟ್‌ನಲ್ಲಾದರೋ ಕೆಳಗಿನ ಕೈಯನ್ನು ಕೋಲಿನ ನಡುಭಾಗದವರೆಗೆ ಇಳಿಸಿ, ಪಕ್‌ಗಿಂತ ಕೆಲವು ಸೆಂಟಿಮೀಟರ್ ಹಿಂದೆ ಮೊದಲು ನೆಲಕ್ಕೇ ಕೋಲಿನ ಕೆಳತುದಿಯ ಅಲಗನ್ನು ತಾಗಿಸಬೇಕು. ಆಗ ಕೈಯ ಒತ್ತಡಕ್ಕೆ ಕೋಲು ಬಿಲ್ಲಿನಂತೆ ಬಾಗಿ, ಮತ್ತೆ ನೆಟ್ಟಗಾಗುವ ಕ್ಷಣದಲ್ಲಿ ಆ ಶಕ್ತಿಯನ್ನು ಪಕ್‌ಗೆ ದಾಟಿಸುತ್ತದೆ. ಜೊತೆಗೆ ದೇಹದ ಭಾರ ಹಿಂಗಾಲಿನಿಂದ ಮುಂಗಾಲಿಗೆ ಸರಿಯಬೇಕು, ಸೊಂಟ ತಿರುಗಬೇಕು. 2012ರಲ್ಲಿ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಆಲ್‌ಸ್ಟಾರ್ ಕೌಶಲ ಸ್ಪರ್ಧೆಯಲ್ಲಿ ಆಟಗಾರ ಝ್ಡೆನೊ ಚಾರಾ ಗಂಟೆಗೆ ಸುಮಾರು 175 ಕಿಲೋಮೀಟರ್ ವೇಗದಲ್ಲಿ ಹೊಡೆದದ್ದು ಇದೇ ಹೊಡೆತ. ಆರೂಮುಕ್ಕಾಲು ಅಡಿ ಎತ್ತರದ ಆ ಮೈಕಟ್ಟು ಎಲ್ಲರಿಗೂ ದಕ್ಕುವುದಿಲ್ಲ, ಬಿಡಿ.

ಕೋಲಿನ ಮೇಲಿರುವ ಫ್ಲೆಕ್ಸ್ ಸಂಖ್ಯೆಯನ್ನೂ (ಕೋಲಿನ ಗಡುಸುತನದ ಅಳತೆ) ನೋಡಿ. ಅದು ಪೌಂಡ್‌ಗಳಲ್ಲಿ ನಿಮ್ಮ ತೂಕದ ಅರ್ಧದ ಆಸುಪಾಸಿನಲ್ಲಿರಲಿ ಎಂಬುದು ರೂಢಿಯ ಲೆಕ್ಕ. ಅರವತ್ತು ಕಿಲೋ ಎಂದರೆ ಸುಮಾರು 132 ಪೌಂಡ್, ಹಾಗಾಗಿ ನಿಮಗೆ 65ರಷ್ಟು ಸಾಕು. ಅದಕ್ಕಿಂತ ಬಹಳ ಗಡುಸಾದ ಕೋಲು ಬಾಗುವುದೇ ಇಲ್ಲ.

ಒರಟು ಸಿಮೆಂಟು ಅಲಗನ್ನು ಸವೆಸುತ್ತದೆ, ಪಕ್ಕನ್ನೂ ತಡೆಯುತ್ತದೆ. ನುಣುಪಾದ ದಪ್ಪ ಪ್ಲಾಸ್ಟಿಕ್ ಹಲಗೆ ಹಾಸಿಕೊಳ್ಳಿ. ಪುಟಿಯುವಿಕೆ ತಗ್ಗಲೆಂದು ಪಂದ್ಯಕ್ಕೆ ಮುನ್ನ ಪಕ್ಕನ್ನು ಹೆಪ್ಪುಗಟ್ಟಿಸುವ ಪದ್ಧತಿಯಿದೆ. ನಮ್ಮ ಬಳ್ಳಾರಿಯ ಬಿಸಿಲಿಗೆ ರಬ್ಬರು ಇನ್ನಷ್ಟು ಪುಟಿಯುವುದರಿಂದ ಬೆಳಗಿನ ಹೊತ್ತು ಮೇಲು. ಎದುರಿಗೆ ಗಟ್ಟಿ ಬಲೆಯಿರಲಿ, ಮಕ್ಕಳು ಸುಳಿಯದಿರಲಿ. 160 ಗ್ರಾಂ ಆಸುಪಾಸಿನ ಗಟ್ಟಿ ರಬ್ಬರು ಅದು.