ಬಾಗಿಲು ತಟ್ಟಿದವರು ಯಾರು?

ಓದುಗರ ಪತ್ರ: ಕಳೆದ ಸಂಚಿಕೆಯ ಕತೆಯಲ್ಲಿ ಮನೆ ಬಿಟ್ಟುಹೋದ ಮಗಳಿಗಾಗಿ ಪಾಸ್ಟರ್ ಒಬ್ಬರು ರಾತ್ರಿಯಿಡೀ ಪ್ರಾರ್ಥನೆ ಮಾಡುತ್ತಾರೆ. ಬೆಳಗಿನ ಜಾವ ಯಾರೋ ಬಾಗಿಲು ತಟ್ಟುತ್ತಾರೆ. ಕತೆ ಅಲ್ಲಿಗೆ ಮುಗಿಯಿತಂತೆ! ಬಂದದ್ದು ಮಗಳೋ, ಪೊಲೀಸರೋ? ಮುಗಿಸಲು ಬಾರದವರು ಅದನ್ನೇ ಕಲೆ ಎಂದು ಕರೆದುಕೊಳ್ಳುವುದು ಈಗ ಫ್ಯಾಷನ್. ಅದೂ ಕ್ರೈಸ್ತ ನಂಬಿಕೆಯ ಕತೆಯಲ್ಲಿ! ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಿರಿ ಅಂತ ಯೇಸುವೇ ಹೇಳಿಲ್ಲವೇ? ಬಂದವರು ಯಾರೆಂದು ಕತೆಗಾರರನ್ನು ಕೇಳಿ ಪ್ರಕಟಿಸಿ. – ಒಬ್ಬ ನಿವೃತ್ತ ಮೇಷ್ಟ್ರು

ಸಂಪಾದಕರ ಉತ್ತರ: ಮೇಷ್ಟ್ರೇ, ಪತ್ರ ಓದಿ ಖುಷಿಯಾಯಿತು. ಚೆನ್ನಾಗಿದೆ ಎಂದು ಒಂದು ಸಾಲು ಗೀಚಿ ಕಳಿಸುವವರ ನಡುವೆ ನೀವು ಕತೆಯ ಜೊತೆ ಜಗಳ ಆಡಿದ್ದೀರಿ. ಆದರೆ ಕತೆಗಾರರನ್ನು ಕೇಳಲ್ಲ. ಅವರು ಹೇಳಿದರೂ ಅಚ್ಚು ಹಾಕಲ್ಲ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಏನೂ ಅರ್ಥವಾಗದ ಕತೆಗಳು ನಮ್ಮ ಮೇಜಿಗೆ ರಾಶಿ ರಾಶಿ ಬರುತ್ತವೆ. ಏನು ಹೇಳಲು ಹೊರಟಿರಿ ಎಂದು ಕೇಳಿದರೆ ಬರೆದವರಿಗೇ ಗೊತ್ತಿರುವುದಿಲ್ಲ. ಅಂಥವನ್ನು ವಾಪಸ್ ಕಳಿಸುತ್ತೇವೆ. ಇಷ್ಟು ಒಪ್ಪಿದೆ. ಇನ್ನು ಜಗಳಕ್ಕೆ ಬರೋಣ.

ನೀವು ಎತ್ತಿದ ವಚನ ಬೈಬಲ್ಲಿನ ಮತ್ತಾಯನ ಸುವಾರ್ತೆಯ, ಅಂದರೆ ಯೇಸುವಿನ ಜೀವನ ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದರ, 5ನೇ ಅಧ್ಯಾಯದ್ದು. ಅಲ್ಲಿ ಮಾತು ಬಂದಿರುವುದು ಆಣೆ ಇಡುವ ಬಗ್ಗೆ. ಕತೆ ಹೇಳಲು ಕೂತಾಗ ಯೇಸು ಏನು ಮಾಡಿದ ನೋಡಿ. ಲೂಕನ ಸುವಾರ್ತೆಯ 15ನೇ ಅಧ್ಯಾಯದ ದುಂದುಗಾರ ಮಗನ ಕತೆ ನಿಮಗೆ ಬಾಯಿಪಾಠ ಇರಬೇಕು. ಪಾಲಿನ ಆಸ್ತಿಯನ್ನೆಲ್ಲ ಹಾಳುಮಾಡಿ ಮರಳಿದ ಕಿರಿಯ ಮಗನನ್ನು ಅಪ್ಪ ಓಡಿಬಂದು ತಬ್ಬಿಕೊಳ್ಳುವಲ್ಲಿಗೆ ನಾವು ಸಾಮಾನ್ಯವಾಗಿ ನಿಲ್ಲಿಸಿಬಿಡುತ್ತೇವೆ. ಕತೆ ಅಲ್ಲಿ ನಿಲ್ಲುವುದಿಲ್ಲ. ದೊಡ್ಡ ಮಗ ಹೊಲದಿಂದ ಬರುತ್ತಾನೆ. ಒಳಗೆ ಹಾಡು, ಕುಣಿತ. ಆಳನ್ನು ಕರೆದು ಏನಿದು ಎನ್ನುತ್ತಾನೆ. ಸಂಗತಿ ತಿಳಿದು ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಅಪ್ಪನೇ ಹೊರಬಂದು ಬೇಡಿಕೊಳ್ಳುತ್ತಾನೆ. ಇಷ್ಟು ವರ್ಷ ದುಡಿದ ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎಂದು ಇವನ ಗೋಳು. ತಮ್ಮ ಎನ್ನಲೂ ಬಾಯಿ ಬರುವುದಿಲ್ಲ, ‘ಈ ನಿನ್ನ ಮಗ’ ಎನ್ನುತ್ತಾನೆ. ಅಪ್ಪ ‘ನಿನ್ನ ತಮ್ಮ’ ಎಂದು ಮೆಲ್ಲಗೆ ತಿದ್ದುತ್ತಾನೆ. ಅಷ್ಟೇ. ಅಣ್ಣ ಒಳಗೆ ಹೋದನೇ? ಲೂಕ ಹೇಳುವುದಿಲ್ಲ. ಎದುರಿಗೆ ಕೂತಿದ್ದವರು ಯಾರು? ಈತ ಪಾಪಿಗಳ ಜೊತೆ ಊಟ ಮಾಡುತ್ತಾನೆ ಎಂದು ಗೊಣಗುತ್ತಿದ್ದ ಪರಿಸಾಯರು, ಅಂದರೆ ಧರ್ಮದ ಕಟ್ಟುನಿಟ್ಟಿನ ಯೆಹೂದ್ಯರು. ಅಣ್ಣ ಒಳಗೆ ಹೋದ ಎಂದುಬಿಟ್ಟಿದ್ದರೆ ಅವರು ತಲೆದೂಗಿ ಎದ್ದು ಹೋಗುತ್ತಿದ್ದರು, ಅಲ್ವಾ?

ಮಾರ್ಕನದು ಇನ್ನೂ ಜೋರು. 4ನೇ ಶತಮಾನದ ಎರಡು ಹಳೆಯ ಕೈಬರಹದ ಪ್ರತಿಗಳಲ್ಲಿ, ಅಂದರೆ ವ್ಯಾಟಿಕನ್ ಪ್ರತಿ ಮತ್ತು ಸಿನಾಯ್ ಪ್ರತಿಯಲ್ಲಿ, ಅವನ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತದೆ. ಯೇಸುವಿನ ಸಮಾಧಿ ಬರಿದಾಗಿದೆ. ಆತ ಎದ್ದಿದ್ದಾನೆ ಎಂಬ ಸುದ್ದಿಯೂ ಸ್ಪಷ್ಟವಾಗಿಯೇ ಇದೆ. ಕೇಳಿದ ಹೆಂಗಸರು ಮಾತ್ರ ನಡುಗುತ್ತಾ ಓಡಿಹೋಗುತ್ತಾರೆ. ಹೆದರಿಕೆಯಿಂದ ಯಾರಿಗೂ ಏನೂ ಹೇಳುವುದಿಲ್ಲ. ಮುಗಿಯಿತು! ನಿಮ್ಮಂಥವರಿಗೆ ಆಗಲೂ ತಡೆಯಲಾಗಲಿಲ್ಲ ಅಂತ ಕಾಣುತ್ತೆ. ಮುಂದಿನ 12 ವಚನ ಆಮೇಲೆ ಸೇರಿದ್ದು ಎಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಸೇರಿಸಿದವರ ಕಳವಳ ನನಗೂ ಅರ್ಥವಾಗುತ್ತದೆ. ಆದರೂ ಆ 8ನೇ ವಚನ ಓದಿದಾಗ ಎದೆ ಝಲ್ಲೆನ್ನುವ ಹಾಗೆ ಬಾಲದ 12 ವಚನ ಓದಿದಾಗ ಅನ್ನಿಸುವುದಿಲ್ಲ.

ಇದೇ ಚಾಳಿಯ ಇನ್ನೊಬ್ಬರು 2ನೇ ಶತಮಾನದ ತಾತಿಯಾನ. ನಾಲ್ಕು ಸುವಾರ್ತೆಗಳು ಅಲ್ಲಲ್ಲಿ ಒಂದಕ್ಕೊಂದು ಹೊಂದುವುದಿಲ್ಲ ಎಂದು ಎಲ್ಲವನ್ನೂ ಹೆಣೆದು ಒಂದೇ ಕತೆ ಮಾಡಿದರು. ಅದರ ಹೆಸರು ದಿಯಾತೆಸ್ಸರೋನ್. ಓದಲು ಸುಲಭ, ತಕರಾರಿಲ್ಲ. ಸಿರಿಯಾದ ಚರ್ಚುಗಳಲ್ಲಿ ಬಹುಕಾಲ ಅದೇ ನಡೆಯಿತು. 5ನೇ ಶತಮಾನದಲ್ಲಿ ಥಿಯೋಡೊರೆಟ್ ಎಂಬ ಬಿಷಪ್ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ ಮತ್ತೆ ನಾಲ್ಕು ಸುವಾರ್ತೆಗಳನ್ನೇ ಇಡಿಸಿದರು. ಚರ್ಚು ಉಳಿಸಿಕೊಂಡದ್ದು ತಕರಾರಿರುವ ನಾಲ್ಕನ್ನು. ಹೀಗೆ ಬಿಡಿಸಿ ಹೇಳದೆ ಬಿಡುವುದರಲ್ಲಿ ಸಿದ್ಧಾಂತದವರೂ ಕಡಿಮೆಯಿಲ್ಲ. 451ರಲ್ಲಿ ಕಾಲ್ಸಿಡಾನ್ ಊರಿನಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆಯಲ್ಲಿ, ಕ್ರಿಸ್ತನಲ್ಲಿ ದೈವತ್ವ ಮನುಷ್ಯತ್ವ ಎರಡೂ ಬೆರೆಯದೆ, ಬದಲಾಗದೆ, ಒಡೆಯದೆ, ಅಗಲದೆ ಇವೆ ಎಂದರು. ಹಾಗಾದರೆ ಹೇಗಿವೆ? ಅದನ್ನು ಹೇಳುವ ಗೋಜಿಗೆ ಹೋಗಲಿಲ್ಲ.

ಚಿತ್ರಕಲೆಗೆ ಬಂದರೆ ರೋಮಿನ ಸಾನ್ ಲುಯಿಜಿ ದೈ ಫ್ರಾಂಚೇಸಿ ಚರ್ಚಿನ ಗೋಡೆ ನೆನಪಾಗುತ್ತದೆ. ಅಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೋ 1599–1600ರಲ್ಲಿ ಬರೆದ ‘ಮತ್ತಾಯನ ಕರೆ’ ಇದೆ. ಸುಂಕ ವಸೂಲಿಯ ಮತ್ತಾಯನನ್ನು ಯೇಸು ಶಿಷ್ಯನಾಗಲು ಕರೆಯುವ ಚಿತ್ರ. ಸುಂಕದವರ ಮೇಜಿನ ಸುತ್ತ ಐದು ಮಂದಿ. ಬಲಗಡೆ ಅರೆಗತ್ತಲಲ್ಲಿ ಯೇಸು, ಕೈ ಚಾಚಿದ್ದಾನೆ. ನಡುವಿನ ಗಡ್ಡದವನು ಬೆರಳು ತೋರಿಸುತ್ತಾ ‘ನನ್ನನ್ನೇ?’ ಎನ್ನುತ್ತಿದ್ದಾನೆ. ಅಥವಾ ಪಕ್ಕದವನ ಕಡೆ ತೋರಿಸಿ ‘ಇವನನ್ನೇ?’ ಎನ್ನುತ್ತಿದ್ದಾನೋ! ಮೇಜಿನ ತುದಿಯಲ್ಲಿ ಒಬ್ಬ ಹುಡುಗ ತಲೆಯೆತ್ತದೆ ನಾಣ್ಯ ಎಣಿಸುತ್ತಿದ್ದಾನೆ. ಮತ್ತಾಯ ಯಾರು? ಗಡ್ಡದವನೇ ಎಂಬುದು ಹಳೆಯ ಮಾತು. ಆ ಹುಡುಗನೇ ಎನ್ನುವವರೂ ಇದ್ದಾರೆ. ನನ್ನ ವೋಟು ಹುಡುಗನಿಗೆ. ಕರೆ ಬಂದದ್ದು ಅವನಿಗಿನ್ನೂ ಗೊತ್ತೇ ಇಲ್ಲ ಎಂಬುದೇ ನನಗೆ ಇಷ್ಟ. ಕೆಳಗೆ ಹೆಸರಿನ ಚೀಟಿ ಅಂಟಿಸಿದ್ದರೆ ನೋಡಿ ಮುಂದೆ ಹೋಗುತ್ತಿದ್ದೆವು.

ಈಗ ಎಲ್ಲೆಲ್ಲೂ ಚೀಟಿ ಅಂಟಿಸುವವರೇ ಜಾಸ್ತಿ. ಸಿನಿಮಾ ಬಿಡುಗಡೆಯಾದ ದಿನವೇ ಕ್ಲೈಮ್ಯಾಕ್ಸಿನ ಅರ್ಥವೇನು ಎಂಬ ವಿಡಿಯೊ ಸಿದ್ಧ. ಯೇಸುವಿನ ಚಿತ್ರಗಳಲ್ಲಿ ಎಲ್ಲಿ ಅಳಬೇಕೆಂದು ಪಿಟೀಲೇ ಹೇಳಿಕೊಡುತ್ತದೆ. ಚರ್ಚಿನ ಪ್ರಸಂಗದಲ್ಲಿ ಯೇಸು ಹೇಳಿದ ಸಾಮ್ಯ, ಅಂದರೆ ದೃಷ್ಟಾಂತದ ಕತೆ, ಓದಲು ಎರಡು ನಿಮಿಷ, ಬಿಡಿಸಿ ಹೇಳಲು ನಲವತ್ತು. ಪ್ರಶ್ನೆಪತ್ರಿಕೆ ಕೇಳುತ್ತದೆ: ಈ ಕತೆಯ ನೀತಿಯೇನು? ಎರಡು ವಾಕ್ಯಗಳಲ್ಲಿ ಬರೆಯಿರಿ. ಆ ಪ್ರಶ್ನೆ ನೀವೂ ಕೊಟ್ಟಿರುತ್ತೀರಿ, ಮೇಷ್ಟ್ರೇ. ಕೋಪ ಮಾಡಿಕೊಳ್ಳಬೇಡಿ.

ನಿನೆವೆ ಪಟ್ಟಣಕ್ಕೆ ಹೋಗು ಎಂಬ ದೇವರ ಮಾತು ಮೀರಿ ಓಡಿದ ಪ್ರವಾದಿ ಯೋನನ ಕತೆಗೆ ಸಂಡೇ ಸ್ಕೂಲಿನಲ್ಲಿ ಆಗುವ ಗತಿಯೂ ಇದೇ. ಮೀನು ಅವನನ್ನು ದಡಕ್ಕೆ ಕಕ್ಕಿತು, ಅವನು ಮಾತು ಕೇಳಿದ, ಮಕ್ಕಳೇ ನೀವೂ ಮಾತು ಕೇಳಿ. ನಾಲ್ಕನೇ ಅಧ್ಯಾಯಕ್ಕೆ ಯಾರೂ ಹೋಗುವುದಿಲ್ಲ. ಅಲ್ಲಿ ಯೋನ, ದೇವರು ನಿನೆವೆಯನ್ನು ನಾಶಮಾಡದೆ ಬಿಟ್ಟನೆಂದು ಮುನಿಸಿಕೊಂಡು ಊರಾಚೆ ಕೂತಿದ್ದಾನೆ. ಎಡಬಲ ತಿಳಿಯದ 1,20,000ಕ್ಕೂ ಹೆಚ್ಚು ಜನ, ಜೊತೆಗೆ ಬಹಳ ದನಕರು ಇರುವ ಈ ನಿನೆವೆಗಾಗಿ ನಾನು ಕನಿಕರಪಡಬಾರದೇ ಎಂದು ದೇವರು ಕೇಳುತ್ತಾನೆ. ಪುಸ್ತಕ ಆ ಪ್ರಶ್ನೆಗೇ ಮುಗಿದಿದೆ. ಯೋನ ಏನೆಂದಿರಬಹುದು? ನೀವೇ ಹೇಳಿ. ಪತ್ರ ಎಷ್ಟೇ ಉದ್ದವಾದರೂ ಪ್ರಕಟಿಸುತ್ತೇನೆ.