ಸೂಜಿ ಚುಚ್ಚಿದ್ದನ್ನು ಮುಚ್ಚಿಟ್ಟ ಇಂಟರ್ನ್

(ಹೆಸರು, ಗುರುತು ಬದಲಿಸಿದ್ದೇನೆ.)

ಕವಿತಾ ಕೋಲಾರದಲ್ಲಿ ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್ ಮಾಡುತ್ತಿದ್ದಾಳೆ. ಮುಳಬಾಗಿಲು ಕಡೆಯವಳು, ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ. ಒಂದು ಮಧ್ಯಾಹ್ನ ನನ್ನ ಆಪ್ತಸಮಾಲೋಚನೆ ಕೋಣೆಗೆ ಬಂದು ಕೂತವಳು "ನಿದ್ದೆ ಬರ್ತಿಲ್ಲ ಮೇಡಂ" ಎಂದಷ್ಟೇ ಹೇಳಿದಳು. ಎಡಗೈ ತೋರುಬೆರಳಿಗೆ ಪ್ಲಾಸ್ಟರ್ ಸುತ್ತಿತ್ತು. ಅದೇನಮ್ಮ ಎಂದು ಕೇಳಿದ್ದೇ ತಡ, ಬಿಕ್ಕಿ ಬಿಕ್ಕಿ ಅತ್ತಳು.

ಹಿಂದಿನ ರಾತ್ರಿ ಡ್ಯೂಟಿಯಲ್ಲಿ ರೋಗಿಯೊಬ್ಬರ ರಕ್ತ ತೆಗೆದು, ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಿ ಚುಚ್ಚಿಕೊಂಡಿದ್ದಳು. ಕ್ಯಾಪ್ ಹಾಕಬಾರದು, ಸೂಜಿಯನ್ನು ನೇರವಾಗಿ ಬಿಳಿ ಡಬ್ಬಕ್ಕೆ ಹಾಕಬೇಕು ಅಂತ ಅವಳಿಗೆ ಗೊತ್ತು. ಅದಕ್ಕೇ ಜಾಸ್ತಿ ನಾಚಿಕೆ. ಪಿಜಿ (ಸ್ನಾತಕೋತ್ತರ ಓದುತ್ತಿರುವ ಸೀನಿಯರ್ ಡಾಕ್ಟರ್) ಬೈತಾರೆ, ಇಂಟರ್ನ್‌ಶಿಪ್ ಎಕ್ಸ್‌ಟೆನ್ಷನ್ ಆಗಿ ಇನ್ನಷ್ಟು ದಿನ ಮಾಡಬೇಕಾಗುತ್ತೆ ಅಂತ ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಎದುರಿಗೆ ಕೂತವರ ಮಾತು ಪೂರ್ತಿ ಕೇಳುವುದೇ ನಮ್ಮ ಕೆಲಸ. ಆದರೆ ಅವತ್ತು ನಡುವೆಯೇ ತಡೆದೆ. ರೋಗಿಯ ರಕ್ತದಲ್ಲಿ ಎಚ್‌ಐವಿ ಇದ್ದರೆ ಚುಚ್ಚಿದ ಸೂಜಿಯಿಂದ ತಗಲಬಹುದು. ಅದನ್ನು ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಆ ಮಾತ್ರೆ ಕೊಡುವುದಿಲ್ಲ. "ಮಿಕ್ಕಿದ್ದು ಆಮೇಲೆ, ಮೊದಲು ಏಳು" ಎಂದು ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋದೆ. ರೋಗಿ ಅಷ್ಟರಲ್ಲಿ ಪರೀಕ್ಷೆಗೆ ಸಿಗದೆ ಮನೆಗೆ ಹೋಗಿಬಿಟ್ಟಿದ್ದರು. ಹಾಗಾಗಿ 28 ದಿನದ ಮಾತ್ರೆ ಬರೆದುಕೊಟ್ಟರು. ರಕ್ತದಿಂದಲೇ ಹರಡಬಲ್ಲ ಹೆಪಟೈಟಿಸ್ ಬಿಗೆ ಲಸಿಕೆಯ ಮೂರೂ ಡೋಸ್ ಮೊದಲೇ ಆಗಿತ್ತು, ಸದ್ಯ.

ಮುಂದಿನ ವಾರ ಬಂದಾಗ ಬೇರೆಯೇ ಸಂಕಟ. ಗೆಳತಿಯ ತಟ್ಟೆಯಿಂದಲೇ ಮುದ್ದೆ ಮುರಿದುಕೊಳ್ಳುತ್ತಿದ್ದವಳು ಈಗ ತಟ್ಟೆ, ಲೋಟ ಬೇರೆ ಇಟ್ಟುಕೊಂಡಿದ್ದಳು. ತೊಳೆದೂ ತೊಳೆದೂ ಕೈಯ ಸಿಪ್ಪೆ ಏಳುತ್ತಿತ್ತು. "ಊಟದಿಂದ ಹರಡಲ್ಲ ಅಂತ ಗೊತ್ತು ಮೇಡಂ, ಮನಸ್ಸು ಕೇಳಲ್ಲ."

ಎಚ್‌ಐವಿ ಇರುವವರ ಸೂಜಿಯೇ ಚುಚ್ಚಿದರೂ, ಮಾತ್ರೆ ತೆಗೆದುಕೊಳ್ಳದಿದ್ದರೂ, ಸೋಂಕು ತಗಲುವುದು ಸಾವಿರಕ್ಕೆ ಸುಮಾರು ಮೂವರಿಗೆ. ಈ ಲೆಕ್ಕವನ್ನು ಅವಳ ಕೈಯಲ್ಲೇ ಬರೆಸಿ, ರಾತ್ರಿ ಮಾತ್ರೆ ನುಂಗುವಾಗ ಓದು ಎಂದೆ. ಇವತ್ತೇ ಗೆಳತಿ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣು, ಪರೀಕ್ಷೆಗಳು ಮುಗಿಯುವವರೆಗೆ ರಕ್ತದಾನ ಮಾತ್ರ ಬೇಡ ಎಂದೆ. ವಾಂತಿ ಬಂದ ಹಾಗಾದರೂ ಮಾತ್ರೆ ಬಿಡಬಾರದು, ಡಾಕ್ಟರಿಗೆ ಹೇಳಬೇಕು. ಮನೆಯಲ್ಲಿ ಹೇಳಲೇಬೇಕು ಅಂತೇನಿಲ್ಲ, ಆದರೆ ಒಬ್ಬರಿಗಾದರೂ ಗೊತ್ತಿರಲಿ ಎಂದಾಗ ಅಕ್ಕನನ್ನು ಆರಿಸಿಕೊಂಡಳು. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು ಎಂದೂ ಹೇಳಿದೆ.

ಸೀನಿಯರ್‌ಗಳಲ್ಲಿ ನನ್ನದೊಂದು ಕಳಕಳಿಯ ಮಾತು. ಜೂನಿಯರ್ ಬಂದು ಸೂಜಿ ಚುಚ್ಚಿತು ಎಂದರೆ "ಹೇಗೆ ಚುಚ್ಚಿಸಿಕೊಂಡೆ?" ಅಂತ ರೇಗಬೇಡಿ. "ಎಷ್ಟು ಹೊತ್ತಾಯ್ತು?" ಅಂತ ಮೊದಲು ಕೇಳಿ. ಬೈಗುಳಕ್ಕೆ ಹೆದರಿ ಈ ಹುಡುಗಿ ಕಳೆದುಕೊಂಡದ್ದು ಮಾತ್ರೆ ಶುರು ಮಾಡಬೇಕಿದ್ದ ಮೊದಲ ಗಂಟೆಗಳನ್ನು. ಕೊನೆಗೆ ಅವಳೇ ಧೈರ್ಯ ಮಾಡಿ ವಿಭಾಗಕ್ಕೆ ಬರೆದುಕೊಟ್ಟಳು. ಎಕ್ಸ್‌ಟೆನ್ಷನ್ ಏನೂ ಆಗಲಿಲ್ಲ.

ಆರು ವಾರದ ಪರೀಕ್ಷೆ ನೆಗೆಟಿವ್ ಬಂದಿದೆ. ಮೂರು ತಿಂಗಳದ್ದು, ಆರು ತಿಂಗಳದ್ದು ಬಾಕಿ ಇವೆ. ಎರಡಕ್ಕೂ ಅಕ್ಕ ಜೊತೆಗೆ ಬರುತ್ತಾಳಂತೆ.