ಪೇಪರಿನಲ್ಲಿ ದಿನಾ ಬರುವುದನ್ನು ಕಾದಂಬರಿಯಲ್ಲೂ ಯಾಕೆ ಓದಬೇಕು?

ಹೆಣ್ಣಿನ ಮೇಲಿನ ಹಿಂಸೆ, ಅದಕ್ಕೆ ಧರ್ಮದ ಮುಸುಕು ಹಾಕುವುದು, ಇದೆಲ್ಲ ಪೇಪರಿನಲ್ಲೇ ಬರುತ್ತದೆ, ಕಾದಂಬರಿ ಯಾಕೆ ಓದಬೇಕು, ಓದುವುದಾದರೆ ಯಾವುದು ಎಂದು ಕೇಳಿದ್ದೀರಿ. ನಾನು ಶಿರಸಿ ಕಡೆಯವಳು. ನಮ್ಮ ಮನೆಯಿಂದಲೇ ಶುರು ಮಾಡುತ್ತೇನೆ.

ಅಜ್ಜನ ಅಕ್ಕ ನಮ್ಮ ಜೊತೆಗೇ ಇದ್ದರು. ನಾವೆಲ್ಲ ಅಮ್ಮಮ್ಮ ಎನ್ನುತ್ತಿದ್ದೆವು. ಕೆಂಪು ಸೀರೆ, ಬೋಳು ತಲೆ, ಮೇಲೊಂದು ಸೆರಗು. ಹನ್ನೊಂದನೇ ವರ್ಷಕ್ಕೇ ಗಂಡ ಹೋಗಿದ್ದರು. ತಿಥಿ ಬಂದರೆ ಅಡುಗೆ ಅಮ್ಮಮ್ಮನದೇ. ತಣ್ಣೀರು ಮಿಂದು ಒದ್ದೆ ಸೀರೆಯಲ್ಲೇ ಒಲೆ ಮುಂದೆ ಕೂರುತ್ತಿದ್ದರು. ದೇವರ ನೈವೇದ್ಯಕ್ಕೂ ಅವರ ಕೈಯೇ ಬೇಕು. ಆದರೆ ಮದುವೆ ದಿಬ್ಬಣ ಹೊರಡುವಾಗ ಅವರು ಹಿತ್ತಿಲ ಬಾಗಿಲ ಹತ್ತಿರ ಹೋಗಿ ನಿಲ್ಲಬೇಕು. ಎದುರು ಬಂದರೆ ಅಪಶಕುನ! ಆ ಕೈ ಮಾಡಿದ ಪಾಯಸ ದೇವರಿಗೆ ಆಗುತ್ತದೆ, ಆ ಮುಖ ಮದುಮಗಳಿಗೆ ಯಾಕೆ ಆಗಬಾರದು ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಒಮ್ಮೆ ಜಗಲಿಯಲ್ಲಿ ತಲೆ ಬಾಚುತ್ತಿದ್ದೆ. "ಯನ್ನ ಜಡೆ ಸೊಂಟ ದಾಟ್ತಿತ್ತು, ಗೊತ್ತಿದ್ದ?" ಅಂದರು. ಅಷ್ಟೇ. ಮತ್ತೆ ಅಡಕೆ ಸುಲಿಯಲು ಕೂತರು.

ಇದರ ಮೇಲೆ ಯಾರು ದೂರು ಕೊಡುತ್ತಾರೆ? ಪೇಪರಿಗೆ ಬರುವುದು ಕೇಸ್ ಆದದ್ದು ಮಾತ್ರ ಅಲ್ವಾ? ದಿನಾ ಪೂಜೆ ಮಾಡುವ, ಬಂದವರಿಗೆ ಊಟ ಹಾಕುವ ಒಳ್ಳೆಯ ಜನರೇ ಸೇರಿ ಒಬ್ಬ ಹುಡುಗಿಗೆ ಹೀಗೆ ಮಾಡಿದರು ಎಂಬುದನ್ನು ಬರೆದಿಟ್ಟವರು ಕಥೆಗಾರರೇ.

ನಮ್ಮ ಜಿಲ್ಲೆಯಲ್ಲಿ ಇದು ಬಹಳ ಹಿಂದೆಯೇ ಶುರುವಾಗಿದೆ. ಹೊನ್ನಾವರದ ಹತ್ತಿರದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲೇ ಹವ್ಯಕ ಮಾತಿನಲ್ಲಿ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ' ಬರೆದರು. ಅದು ನಾಟಕ. ಹಣ ತೆಗೆದುಕೊಂಡು ಹುಡುಗಿಯರನ್ನು ಮದುವೆ ಮಾಡಿಕೊಡುವ ಕನ್ಯಾವಿಕ್ರಯದ ಮೇಲೆ. ಅಮ್ಮಮ್ಮನ ಗಂಡನಿಗೆ ಮದುವೆ ಹೊತ್ತಿಗೇ ಐವತ್ತು ದಾಟಿತ್ತಂತೆ. ಹೀಗಿರುವಾಗ ಆ ನಾಟಕ ನನಗೆ ಸುಮ್ನೆ ನಗಿಸುವ ಪ್ರಹಸನ ಅಂತ ಅನ್ನಿಸಲೇ ಇಲ್ಲ. 1899ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂತು. ಅದರಲ್ಲಿ ಸಂತರ ವೇಷ ಹಾಕಿದವರು ಮನೆಯೊಳಗೇ ಸೇರಿಕೊಂಡಿರುತ್ತಾರೆ. ವಿಧವೆ ಹುಡುಗಿ ಆ ಮನೆ ಬಿಟ್ಟು ಹೊರಡುತ್ತಾಳೆ, ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಆ ಕಾಲಕ್ಕೆ ಅದನ್ನು ಬರೆಯಲು ಎಷ್ಟು ಧೈರ್ಯ ಬೇಕಿತ್ತೋ!

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕೂಡ ಓದಿ. ತಲಾಖ್ ಆದ ನಾದಿರಾ ಮತ್ತೆ ಗಂಡನನ್ನು ಸೇರಬೇಕಾದರೆ ಮೊದಲು ಬೇರೊಬ್ಬನ ಜೊತೆ ಒಂದು ರಾತ್ರಿಯ ಮದುವೆ ಆಗಬೇಕು. ಅವಳು ಮಸೀದಿಯ ಕೆರೆಗೆ ಇಳಿಯುತ್ತಾಳೆ. ಇದನ್ನು ಓದಿ "ಅವರಲ್ಲಿ ಹೀಗೆಲ್ಲ ಇದೆ" ಎನ್ನುವವರು ನಮ್ಮಲ್ಲಿ ಜಾಸ್ತಿ. ನನಗೆ ಅದು ಸಹಿಸಲು ಆಗುವುದಿಲ್ಲ. ನಮ್ಮ ಹಿತ್ತಿಲ ಬಾಗಿಲ ಹತ್ತಿರ ನಿಂತವರನ್ನು ಒಮ್ಮೆ ನೆನೆಸಿಕೊಂಡು ಆಮೇಲೆ ಮಾತಾಡಲಿ.

ಎಲ್ಲಿಂದ ಶುರು ಮಾಡಲಿ ಅಂದರೆ, ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976). ಜೀವನವಿಡೀ ಮಡಿ ತಪ್ಪದೆ ಬದುಕಿದ ಫಣಿಯಮ್ಮ, ಮನೆಯ ಚಿಕ್ಕ ವಿಧವೆಯೊಬ್ಬಳು ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಅವಳ ಪರ ನಿಲ್ಲುತ್ತಾಳೆ. ಕಾಲೇಜಿನ ರಜೆಯಲ್ಲಿ ನಾನು ಅದನ್ನು ಅಮ್ಮಮ್ಮನಿಗೆ ಓದಿ ಹೇಳಿದ್ದೆ. ಅವರು ಹೂಂ ಎನ್ನದೆ ಹತ್ತಿ ಬತ್ತಿ ಹೊಸೆಯುತ್ತಿದ್ದರು. ಆ ಹುಡುಗಿ ಆಗುವುದಿಲ್ಲ ಅಂದ ಜಾಗ ಬಂದಾಗ ಕೈ ನಿಂತಿತು.

"ಇನ್ನೊಂದ್ಸಲ ಓದು" ಅಂದರು.